ಎರಡು ಬೆರಳು, ಐದು ಮಂದಿಯ ಬಳಗ: ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಗಿಟಾರ್ ಇಲ್ಲದ ಗಾಯನ ಮಂಡಳಿ ಈಗ ಅಪರೂಪ. ಭಾನುವಾರದ ಬಲಿಪೂಜೆ, ವಾರ್ಷಿಕ ಹಬ್ಬ, ಮದುವೆಯ ಮುನ್ನಾದಿನದ ರೋಸ್, ಎಲ್ಲ ಕಡೆಯೂ ಗಿಟಾರ್ ಹೆಗಲಿಗೇರಿಸಿದ ಯುವಕ ಯುವತಿಯರನ್ನು ನಾವು ಕಾಣುತ್ತೇವೆ. ಕೆಲವು ಕಡೆ ಬಾಸ್ ಗಿಟಾರ್ ಕೂಡ ಸೇರಿಕೊಂಡಿದೆ. ಇವರಲ್ಲಿ ಅನೇಕರಿಗೆ ಜಾಂಗೊ ರೈನ್‌ಹಾರ್ಟ್ ಎಂಬ ಹೆಸರು ಗೊತ್ತಿರಬಹುದು. ಆದರೆ ಆ ಹೆಸರಿನ ಹಿಂದಿರುವ ಬದುಕು, ಅವರು ಹುಟ್ಟಿದ ಜನಾಂಗದ ಕಷ್ಟಗಳು, ಅವರು ಬರೆಯಲು ತೊಡಗಿ ಮುಗಿಸದೆ ಬಿಟ್ಟ ಬಲಿಪೂಜೆಯ ಸಂಗೀತ ಇವುಗಳ ಬಗ್ಗೆ ತಿಳಿದವರು ಕಡಿಮೆ. ನಮ್ಮ ಓದುಗರಿಗೆ, ಅದರಲ್ಲೂ ಗಾಯನ ಮಂಡಳಿಗಳನ್ನು ನಡೆಸುವವರಿಗೆ, ಈ ಜೀವನಗಾಥೆಯನ್ನು ಪರಿಚಯಿಸುವುದು ನಮ್ಮ ಉದ್ದೇಶ.

ಭಾರತದಿಂದ ಹೊರಟವರು

ಜಾಂಗೊ ಹುಟ್ಟಿದ್ದು ರೋಮಾ ಜನಾಂಗದಲ್ಲಿ. ಫ್ರಾನ್ಸ್ ಮತ್ತು ಬೆಲ್ಜಿಯಂ ಕಡೆ ಅಲೆಯುತ್ತಿದ್ದ ಅವರ ಪಂಗಡಕ್ಕೆ ಮಾನೂಷ್ ಎಂದು ಹೆಸರು. ಊರಿಂದೂರಿಗೆ ಕುದುರೆಗಾಡಿಗಳಲ್ಲಿ ಸಾಗುತ್ತಿದ್ದ ಈ ಜನರನ್ನು ಯುರೋಪಿನವರು ಜಿಪ್ಸಿಗಳೆಂದು ಕರೆದರು. ಈಜಿಪ್ಟಿನಿಂದ ಬಂದವರೆಂಬ ತಪ್ಪು ತಿಳುವಳಿಕೆಯಿಂದ ಹುಟ್ಟಿದ ಹೆಸರದು. ಭಾಷಾ ವಿದ್ವಾಂಸರೂ ಅನುವಂಶೀಯತೆಯನ್ನು ಅಭ್ಯಸಿಸಿದವರೂ ಈಗ ಒಪ್ಪುವಂತೆ ಇವರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರು.

ಮನೆಯಲ್ಲಿ ಕೊಂಕಣಿ ಮಾತನಾಡುವ ನಮ್ಮ ಓದುಗರಿಗೆ ಇದಕ್ಕೆ ದೊಡ್ಡ ಪುರಾವೆ ಬೇಕಾಗಿಲ್ಲ. ರೋಮಾನಿ ಭಾಷೆಯಲ್ಲಿ ಒಂದು ಎನ್ನಲು ಯೇಕ್, ಮೂರಕ್ಕೆ ತ್ರಿನ್, ಐದಕ್ಕೆ ಪಂಜ್. ಕಿವಿಗೆ ಕಾನ್, ಮೂಗಿಗೆ ನಾಕ್, ಮರಕ್ಕೆ ರುಕ್, ಕಪ್ಪಗಿರುವುದಕ್ಕೆ ಕಾಲೊ. ನಮ್ಮ ಅಜ್ಜಿಯಂದಿರು ಕೇಳಿದ್ದರೆ ಅರ್ಧ ಅರ್ಥ ಮಾಡಿಕೊಳ್ಳುತ್ತಿದ್ದರು. ಜಾಂಗೊ ಎಂಬ ಅಡ್ಡಹೆಸರಿಗೂ ಎಚ್ಚರಗೊಳ್ಳುವೆ ಎಂಬ ಅರ್ಥವನ್ನು ಹೇಳುವುದುಂಟು. ಜಾಗರಣೆ ಎಂಬ ನಮ್ಮ ಪದದ ನಂಟು ಅದರಲ್ಲಿ ಕೇಳಿಸುತ್ತದೆ.

ಗಾಡಿಮನೆಯ ಮಗು

1910ರ ಜನವರಿ 23ರಂದು ಬೆಲ್ಜಿಯಂ ದೇಶದ ಲಿಬರ್ಶಿ ಎಂಬ ಹಳ್ಳಿಯ ಬಳಿ ತಂಗಿದ್ದ ಗಾಡಿಮನೆಯಲ್ಲಿ ಜಾಂಗೊ ಜನಿಸಿದರು. ದಾಖಲೆಯಲ್ಲಿ ಅವರ ಹೆಸರು ಜಾನ್, ಎಂದರೆ ನಮ್ಮ ಜುವಾಂವ್. ತಂದೆ ಜಾನ್ ಯುಜೀನ್ ವೈಸ್ ವಾದ್ಯಗಾರರು. ತಾಯಿ ಲಾರೆನ್ಸ್ ರೈನ್‌ಹಾರ್ಟ್. ಎರಡು ವರ್ಷಗಳ ಅನಂತರ 1912ರಲ್ಲಿ ತಮ್ಮ ಜೋಸೆಫ್ ಹುಟ್ಟಿದರು. ಈ ತಮ್ಮನ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಕುಟುಂಬ ಕೊನೆಗೆ ಪ್ಯಾರಿಸ್ ನಗರದ ಕೋಟೆಗೋಡೆಯ ಹೊರಗಿನ ಬಯಲಿನಲ್ಲಿ ಗಾಡಿ ನಿಲ್ಲಿಸಿತು. ನಗರದ ಬಡವರು, ಚಿಂದಿ ಆಯುವವರು, ಅಲೆಮಾರಿಗಳು ವಾಸಿಸುತ್ತಿದ್ದ ಜಾಗವದು. ಜಾಂಗೊ ಶಾಲೆಯ ಮೆಟ್ಟಿಲು ಹತ್ತಿದ್ದು ಹೆಸರಿಗೆ ಮಾತ್ರ. ಓದು ಬರಹ ಬರಲಿಲ್ಲ. ಸಂಗೀತದ ಸ್ವರಲಿಪಿಯನ್ನು ಕೊನೆಯವರೆಗೂ ಓದಲು ಕಲಿಯಲಿಲ್ಲ. ಹನ್ನೆರಡರ ಆಸುಪಾಸಿನಲ್ಲಿ ಅವರ ಕೈಗೆ ಬ್ಯಾಂಜೋ ಗಿಟಾರ್ ಒಂದು ಸಿಕ್ಕಿತು. ಹಿರಿಯರು ನುಡಿಸುವಾಗ ಅವರ ಬೆರಳುಗಳನ್ನು ನೋಡಿ ನೋಡಿ ಕಲಿತರು. ಮಾನೂಷ್ ಜನರಲ್ಲಿ ವಾದ್ಯ ಕಲಿಯುವ ಕ್ರಮವೇ ಅದು: ಪುಸ್ತಕವಿಲ್ಲ, ಶುಲ್ಕವಿಲ್ಲ, ಸಂಜೆ ಬೆಂಕಿಯ ಸುತ್ತ ಕೂತ ಬಳಗದಲ್ಲಿ ಜಾಗ ಕೊಟ್ಟರೆ ಸಾಕು.

ಹದಿಹರೆಯದಲ್ಲೇ ಅವರು ಪ್ಯಾರಿಸಿನ ನೃತ್ಯಶಾಲೆಗಳಲ್ಲಿ ಅಕಾರ್ಡಿಯನ್ ವಾದಕರಿಗೆ ಬ್ಯಾಂಜೋ ಜೊತೆ ನೀಡಿ ಹಣ ಗಳಿಸತೊಡಗಿದರು. 1928ರಲ್ಲಿ ಅವರ ವಾದನ ಮೊದಲ ಬಾರಿ ಗ್ರಾಮಫೋನ್ ತಟ್ಟೆಗೆ ಹತ್ತಿತು. ತನ್ನ ಹೆಸರಿನ ಅಕ್ಷರಗಳನ್ನು ತಾನೇ ಹೇಳಲಾರದ ಹುಡುಗನ ಹೆಸರು ಆ ತಟ್ಟೆಯ ಮೇಲೆ ತಪ್ಪುತಪ್ಪಾಗಿ ಅಚ್ಚಾಯಿತು. ಅದೇ ವರ್ಷ ಇಂಗ್ಲೆಂಡಿನ ಪ್ರಸಿದ್ಧ ವಾದ್ಯಗೋಷ್ಠಿಯ ನಾಯಕ ಜ್ಯಾಕ್ ಹಿಲ್ಟನ್ ಅವರನ್ನು ತಮ್ಮ ಬಳಗಕ್ಕೆ ಕರೆದರು. ಹದಿನೆಂಟರ ಯುವಕನಿಗೆ ಭಾಗ್ಯದ ಬಾಗಿಲು ತೆರೆದಂತೆ ಕಂಡಿತು.

ಬೆಂಕಿಯ ರಾತ್ರಿ

ಆ ಬಾಗಿಲು ಕೆಲವೇ ದಿನಗಳಲ್ಲಿ ಮುಚ್ಚಿತು. 1928ರ ಶರತ್ಕಾಲದ ಒಂದು ರಾತ್ರಿ ಜಾಂಗೊ ಕೆಲಸ ಮುಗಿಸಿ ಗಾಡಿಮನೆಗೆ ಹಿಂತಿರುಗಿದರು. ಅವರ ಮಡದಿ ಬೆಲ್ಲಾ ಮಾರಾಟಕ್ಕೆಂದು ಮಾಡಿಟ್ಟಿದ್ದ ಕೃತಕ ಹೂಗಳಿಂದ ಗಾಡಿ ತುಂಬಿತ್ತು. ಮೇಣದ ಬತ್ತಿಯ ಕಿಡಿ ಹೂಗಳಿಗೆ ತಗಲಿ ಕ್ಷಣಾರ್ಧದಲ್ಲಿ ಇಡೀ ಗಾಡಿ ಹೊತ್ತಿಕೊಂಡಿತು. ಆಗ ಬೆಲ್ಲಾ ಗರ್ಭಿಣಿ. ಇಬ್ಬರೂ ಹೇಗೋ ಹೊರಬಂದು ಬದುಕಿಕೊಂಡರು. ಆದರೆ ಜಾಂಗೊ ಅವರ ದೇಹದ ಒಂದು ಪಕ್ಕ ತೀವ್ರವಾಗಿ ಸುಟ್ಟಿತ್ತು. ವೈದ್ಯರು ಕಾಲು ಕತ್ತರಿಸಬೇಕೆಂದರು, ಅವರು ಒಪ್ಪಲಿಲ್ಲ. ಕಾಲು ಉಳಿಯಿತು. ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳು ಮಾತ್ರ ಬಾಗಿ ಮುದುಡಿ ಸೆಟೆದುಕೊಂಡವು.

ಗಿಟಾರ್ ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ. ಬಲಗೈ ತಂತಿ ಮೀಟುತ್ತದೆ; ಸ್ವರವನ್ನು ಹುಡುಕಿ ಒತ್ತುವುದು ಎಡಗೈಯ ನಾಲ್ಕು ಬೆರಳುಗಳು. ಅವುಗಳಲ್ಲಿ ಎರಡು ಹೋದರೆ ವಾದಕನ ಅರ್ಧ ಸಂಪತ್ತು ಹೋದಂತೆ. ಇನ್ನು ಈತ ವಾದ್ಯ ಮುಟ್ಟುವುದುಂಟೇ ಎಂದು ಸುತ್ತಲಿನವರು ಕೈಚೆಲ್ಲಿದರು.

ತಮ್ಮ ಜೋಸೆಫ್ ಕೈಚೆಲ್ಲಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಅಣ್ಣನಿಗೆ ಒಂದು ಗಿಟಾರ್ ತಂದುಕೊಟ್ಟರು. ಸುಮಾರು ಒಂದೂವರೆ ವರ್ಷದ ಚೇತರಿಕೆಯ ಅವಧಿಯಲ್ಲಿ ಜಾಂಗೊ ತಮ್ಮ ವಿದ್ಯೆಯನ್ನು ಮೊದಲಿನಿಂದ ಕಲಿತರು. ನಾಲ್ಕು ಬೆರಳಿನವರು ಕೈಯನ್ನು ಒಂದೆಡೆ ಊರಿ ಅಡ್ಡಡ್ಡ ತಂತಿಗಳ ಮೇಲೆ ಸ್ವರ ಹುಡುಕುತ್ತಾರೆ. ಜಾಂಗೊ ತೋರುಬೆರಳು ಮತ್ತು ನಡುಬೆರಳುಗಳನ್ನೇ ಗಿಟಾರಿನ ಕೊರಳುದ್ದಕ್ಕೂ ಮೇಲೆ ಕೆಳಗೆ ಓಡಿಸುವ ದಾರಿ ಕಂಡುಕೊಂಡರು. ಸೆಟೆದ ಬೆರಳುಗಳನ್ನು ಕಾರ್ಡ್ ಹಿಡಿಯುವಾಗ ಮಾತ್ರ ಕೊನೆಯ ತಂತಿಗಳ ಮೇಲೆ ಕೊಕ್ಕೆಯಂತೆ ಸಿಕ್ಕಿಸುತ್ತಿದ್ದರು. ಬೇರೆ ಯಾರ ಕೈಯಲ್ಲೂ ಬಾರದ ಸ್ವರಗಳ ಓಟ ಹೀಗೆ ಹುಟ್ಟಿಕೊಂಡಿತು. ಆ ಗಾಯದ ಕೈಯೇ ಮುಂದೆ ಯುರೋಪಿನ ಜ್ಯಾಝ್ ಸಂಗೀತಕ್ಕೆ ತನ್ನದೇ ಆದ ಧ್ವನಿ ಕೊಟ್ಟಿತು.

ಬಳಗ ಕೂಡಿದ ಬಗೆ

1931ರಲ್ಲಿ ದಕ್ಷಿಣ ಫ್ರಾನ್ಸಿನ ತುಲಾನ್ ಬಂದರಿನಲ್ಲಿ ಎಮಿಲ್ ಸಾವಿತ್ರಿ ಎಂಬ ಕಲಾವಿದ ಜಾಂಗೊ ಸಹೋದರರಿಗೆ ಅಮೆರಿಕದ ಗ್ರಾಮಫೋನ್ ತಟ್ಟೆಗಳನ್ನು ಕೇಳಿಸಿದರು. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ತುತ್ತೂರಿಯನ್ನು ಕೇಳಿ ಜಾಂಗೊ ಕಣ್ಣೀರಿಟ್ಟರೆಂದು ಅವರ ಜೀವನ ಚರಿತ್ರೆಕಾರರು ಬರೆಯುತ್ತಾರೆ. ಗುಲಾಮಗಿರಿಯಿಂದ ಬಿಡುಗಡೆಗೊಂಡವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತ, ಊರ ಹೊರಗೆ ಬೆಳೆದ ಅಲೆಮಾರಿಯ ಎದೆಗೆ ನೇರವಾಗಿ ತಲುಪಿತು.

1934ರಲ್ಲಿ ಪ್ಯಾರಿಸಿನ ಕ್ಲಾರಿಜ್ ಹೋಟೆಲಿನಲ್ಲಿ ಮಧ್ಯಾಹ್ನದ ನೃತ್ಯಗಳಿಗೆ ನುಡಿಸುತ್ತಿದ್ದ ದೊಡ್ಡ ವಾದ್ಯಗೋಷ್ಠಿಯಲ್ಲಿ ಜಾಂಗೊ ಇದ್ದರು. ಡಬಲ್ ಬಾಸ್ ನುಡಿಸುತ್ತಿದ್ದ ಲೂಯಿ ವೋಲಾ ಅದರ ನಾಯಕರು. ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ ಕೂಡ ಅಲ್ಲಿದ್ದರು. ಒಂದು ದಿನ ಗ್ರಾಪೆಲ್ಲಿಯವರ ಪಿಟೀಲಿನ ತಂತಿ ಹರಿಯಿತು. ಹೊಸ ತಂತಿ ಕಟ್ಟಿ ವೇದಿಕೆಯ ಹಿಂದೆ ಶ್ರುತಿ ನೋಡಲು ಒಂದು ಧಾಟಿ ನುಡಿಸಿದರು. ಮೂಲೆಯಲ್ಲಿದ್ದ ಜಾಂಗೊ ಅದಕ್ಕೆ ಗಿಟಾರ್ ಜೊತೆ ನೀಡಿದರು. ಇಬ್ಬರಿಗೂ ಖುಷಿಯಾಯಿತು. ಮರುದಿನದಿಂದ ಬಿಡುವಿನ ವೇಳೆಯಲ್ಲಿ ಇದೇ ಅಭ್ಯಾಸವಾಯಿತು. ರೋಜೆ ಶಾಪು ಎಂಬ ಮತ್ತೊಬ್ಬ ಗಿಟಾರ್ ವಾದಕ ಸೇರಿಕೊಂಡರು. ವೋಲಾ ತಮ್ಮ ಬಾಸ್ ಹೊತ್ತು ತಂದರು.

ಐದನೆಯವರು ಬಂದ ಕಥೆ ಸ್ವಾರಸ್ಯಕರ. ಗ್ರಾಪೆಲ್ಲಿ ನುಡಿಸುವಾಗ ಅವರ ಬೆನ್ನಿಗೆ ಎರಡು ಗಿಟಾರುಗಳಿರುತ್ತಿದ್ದವು. ಜಾಂಗೊ ನುಡಿಸುವಾಗ ಒಂದೇ ಉಳಿಯುತ್ತಿತ್ತು. ಇದು ಸರಿಯಲ್ಲವೆಂದು ಜಾಂಗೊ ದೂರಿದಾಗ ತಮ್ಮ ಜೋಸೆಫ್ ಅವರನ್ನು ಕರೆಸಿಕೊಳ್ಳಲಾಯಿತು. ಹೀಗೆ ಒಂದು ಪಿಟೀಲು, ಮೂರು ಗಿಟಾರ್, ಒಂದು ಬಾಸ್ ಸೇರಿ ಫ್ರಾನ್ಸಿನ ಹಾಟ್ ಕ್ಲಬ್ ಪಂಚವಾದ್ಯ ಬಳಗವಾಯಿತು. 1934ರ ಡಿಸೆಂಬರ್ ತಿಂಗಳಲ್ಲಿ ಅವರು ಪ್ಯಾರಿಸಿನ ಒಂದು ಸಂಗೀತ ಶಾಲೆಯಲ್ಲಿ ಕಚೇರಿ ನೀಡಿದರು. ಅದೇ ತಿಂಗಳು ಮೊದಲ ತಟ್ಟೆಗಳನ್ನು ಮುದ್ರಿಸಿದರು. ಆ ಕಾಲದ ಜ್ಯಾಝ್ ಎಂದರೆ ಡ್ರಮ್, ತುತ್ತೂರಿ, ಸ್ಯಾಕ್ಸೊಫೋನ್. ಇವರಲ್ಲಿ ಇದ್ದದ್ದು ತಂತಿ ವಾದ್ಯಗಳು ಮಾತ್ರ.

ಡ್ರಮ್ ಇಲ್ಲದೆ ಲಯ ಹೇಗೆ ನಿಂತಿತು? ನಮ್ಮ ಗಾಯನ ಮಂಡಳಿಯವರು ಇದನ್ನು ಗಮನಿಸಬೇಕು. ಬಾಸ್ ನುಡಿಸುವವರು ಮೊದಲನೆಯ ಮತ್ತು ಮೂರನೆಯ ತಾಳಕ್ಕೆ ಗಟ್ಟಿಯಾಗಿ ಕಾಲೂರುತ್ತಿದ್ದರು. ಇಬ್ಬರು ಗಿಟಾರ್ ವಾದಕರು ಎಲ್ಲ ನಾಲ್ಕು ತಾಳಗಳಿಗೂ ಕಾರ್ಡ್ ಹೊಡೆದು, ಎರಡನೆಯ ಮತ್ತು ನಾಲ್ಕನೆಯದನ್ನು ಒತ್ತಿ ಹೇಳಿ, ಕೂಡಲೇ ಕೈ ಸಡಿಲಿಸಿ ನಾದವನ್ನು ತಡೆಯುತ್ತಿದ್ದರು. ನೀರೆತ್ತುವ ಪಂಪಿನ ಎಳೆತದಂತಿದ್ದ ಇದಕ್ಕೆ ಫ್ರೆಂಚರು ಪಂಪ್ ಎಂದೇ ಹೆಸರಿಟ್ಟರು. ಕೇಳುವವರು ಜಾಂಗೊ ಅವರನ್ನು ಹೊಗಳುತ್ತಾರೆ. ಆದರೆ ಹಿಂದೆ ಆ ಇಬ್ಬರು ಮತ್ತು ಬಾಸ್ ವಾದಕ ಒಂದು ಕ್ಷಣ ತಪ್ಪಿದರೂ ಮುಂದಿನವರ ಹಾರಾಟಕ್ಕೆ ನೆಲವಿರುತ್ತಿರಲಿಲ್ಲ.

ಜೋಸೆಫ್, ಸೋದರ ಸಂಬಂಧಿ ಯುಜೀನ್ ವೇಸ್, ಬಾರೊ ಫೆರೆ ಮೊದಲಾದವರು ವರ್ಷಗಟ್ಟಲೆ ಈ ಕೆಲಸ ಮಾಡಿದರು. ಇವರೂ ನುರಿತ ವಾದಕರೇ. ಜೋಸೆಫ್ ಬೇಸರಪಟ್ಟು ಬಳಗದಿಂದ ದೂರವಾದದ್ದೂ ಉಂಟು, ಮರಳಿ ಬಂದದ್ದೂ ಉಂಟು. ಯಾವ ಬಳಗವೂ ಮನಸ್ತಾಪವಿಲ್ಲದೆ ನಡೆಯುವುದಿಲ್ಲ. ಜಾಂಗೊ ಸ್ವತಃ ಸುಲಭದ ಮನುಷ್ಯರಾಗಿರಲಿಲ್ಲ. ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಬಾರದೆ ಇರುವುದು, ಬಂದ ಹಣವನ್ನು ಜೂಜಿನಲ್ಲಿ ಕಳೆಯುವುದು ಅವರ ದೌರ್ಬಲ್ಯಗಳು. ಬೆಲ್ಲಾ ಅವರೊಂದಿಗಿನ ಬದುಕು ಬೆಂಕಿಯ ದುರಂತದ ಅನಂತರ ಮುರಿದುಬಿತ್ತು. ಅವರನ್ನು ಸಂತರೆಂದು ನಾವು ಇಲ್ಲಿ ಮುಂದಿಡುತ್ತಿಲ್ಲ.

ಯುದ್ಧದ ಕತ್ತಲು

1939ರಲ್ಲಿ ಯುದ್ಧ ಘೋಷಣೆಯಾದಾಗ ಬಳಗ ಲಂಡನ್ನಿನಲ್ಲಿತ್ತು. ಗ್ರಾಪೆಲ್ಲಿ ಅಲ್ಲೇ ಉಳಿದರು. ಜಾಂಗೊ ಪ್ಯಾರಿಸಿಗೆ ಹಿಂತಿರುಗಿದರು. 1940ರಲ್ಲಿ ಜರ್ಮನ್ ಸೇನೆ ಆ ನಗರವನ್ನು ವಶಪಡಿಸಿಕೊಂಡಿತು. ಪಿಟೀಲಿನ ಸ್ಥಾನಕ್ಕೆ ಕ್ಲಾರಿನೆಟ್ ತಂದು ಜಾಂಗೊ ಹೊಸ ಬಳಗ ಕಟ್ಟಿದರು. ಅದೇ ವರ್ಷ ಅವರು ಮುದ್ರಿಸಿದ ನ್ಯುವಾಜ್, ಎಂದರೆ ಮೋಡಗಳು, ಎಂಬ ರಚನೆ ಸೋತ ನಗರದ ಮನೆಮನೆಯ ಹಾಡಾಯಿತು.

ಆದರೆ ಅವರ ಜನಾಂಗಕ್ಕೆ ಅದು ಸಾವಿನ ಕಾಲ. 1940ರ ಏಪ್ರಿಲ್ 6ರಂದು, ಜರ್ಮನ್ನರು ಕಾಲಿಡುವ ಮುನ್ನವೇ, ಅಲೆಮಾರಿಗಳ ಸಂಚಾರವನ್ನು ನಿಷೇಧಿಸುವ ಆಜ್ಞೆಯನ್ನು ಫ್ರಾನ್ಸ್ ಹೊರಡಿಸಿತ್ತು. ಅನಂತರ ಸಾವಿರಾರು ಮಂದಿಯನ್ನು ಮೊಂತ್ರೈ ಬೆಲ್ಲೆ ಮೊದಲಾದ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಯುರೋಪಿನಾದ್ಯಂತ ನಾಜಿಗಳೂ ಅವರ ಮಿತ್ರಪಕ್ಷದವರೂ ಕೊಂದ ರೋಮಾ ಜನರ ಸಂಖ್ಯೆಯನ್ನು ಇತಿಹಾಸಕಾರರು ಎರಡೂವರೆ ಲಕ್ಷದಿಂದ ಐದು ಲಕ್ಷದವರೆಗೆ ಅಂದಾಜಿಸುತ್ತಾರೆ. 1944ರ ಆಗಸ್ಟ್ 2ರ ರಾತ್ರಿ ಆಶ್‌ವಿಟ್ಜ್ ಬಿರ್ಕೆನೌ ಶಿಬಿರವೊಂದರಲ್ಲೇ 4,000ಕ್ಕೂ ಹೆಚ್ಚು ಗಂಡಸರು, ಹೆಂಗಸರು, ಮಕ್ಕಳನ್ನು ವಿಷಾನಿಲದಿಂದ ಕೊಂದರು.

ಜಾಂಗೊ ಅವರ ಖ್ಯಾತಿಯೇ ಅವರಿಗೆ ಗುರಾಣಿಯಾಯಿತು. 1943ರಲ್ಲಿ ಅವರು ನಾಗೀನ್ ಎಂದು ಎಲ್ಲರೂ ಕರೆಯುತ್ತಿದ್ದ ಸೋಫಿ ಜೀಗ್ಲರ್ ಅವರನ್ನು ವಿವಾಹವಾದರು. ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಳ್ಳಲು ಮಾಡಿದ ಮೊದಲ ಪ್ರಯತ್ನದಲ್ಲಿ ಜರ್ಮನ್ನರ ಕೈಗೆ ಸಿಕ್ಕರು. ಅವರ ಸಂಗೀತವನ್ನು ಮೆಚ್ಚಿದ್ದ ಅಧಿಕಾರಿಯೊಬ್ಬರಿಂದಾಗಿ ಬಿಡುಗಡೆಯಾಯಿತು. ಎರಡನೆಯ ಬಾರಿ ಸ್ವಿಸ್ ಗಡಿ ಕಾವಲುಗಾರರು ಹಿಂದಕ್ಕೆ ಕಳುಹಿಸಿದರು. 1944ರಲ್ಲಿ ಮಗ ಬಾಬಿಕ್ ಹುಟ್ಟಿದರು.

ಮುಗಿಯದ ಬಲಿಪೂಜೆ ಸಂಗೀತ

ಈ ಕತ್ತಲಿನ ದಿನಗಳಲ್ಲೇ ಜಾಂಗೊ ತಮ್ಮ ಜನರಿಗಾಗಿ ಒಂದು ಬಲಿಪೂಜೆಗೆ ಸಂಗೀತ ರಚಿಸುವ ಕನಸು ಕಂಡರು. ದಕ್ಷಿಣ ಫ್ರಾನ್ಸಿನ ಸಮುದ್ರ ತೀರದಲ್ಲಿ ಸಮುದ್ರದ ಸಂತ ಮರಿಯರು ಎಂಬ ಅರ್ಥದ ಹೆಸರುಳ್ಳ ಊರಿದೆ. ಅಲ್ಲಿನ ಇಗರ್ಜಿಯ ನೆಲಮಾಳಿಗೆಯಲ್ಲಿ ರೋಮಾ ಜನರು ತಮ್ಮ ಪಾಲಕಿಯೆಂದು ಗೌರವಿಸುವ ಕಪ್ಪು ಬಣ್ಣದ ಸಾರಾಳ ಪ್ರತಿಮೆಯಿದೆ. ಪ್ರತಿ ವರ್ಷ ಮೇ 24ರಂದು ಅವರು ದೂರದೂರದಿಂದ ಗಾಡಿಗಳಲ್ಲಿ ಬಂದು ಆ ಪ್ರತಿಮೆಯನ್ನು ಮೆರವಣಿಗೆಯಲ್ಲಿ ಕಡಲವರೆಗೆ ಒಯ್ಯುತ್ತಾರೆ. ಕಡಲ ತೀರದ ನಮ್ಮ ಇಗರ್ಜಿಗಳ ಹಬ್ಬಗಳನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವಲ್ಲ. ಇಂತಹ ಯಾತ್ರೆಯಲ್ಲಿ ತಮ್ಮವರು ತಮ್ಮದೇ ಸಂಗೀತದಲ್ಲಿ ದೇವರನ್ನು ಆರಾಧಿಸಬೇಕೆಂಬುದು ಜಾಂಗೊ ಅವರ ಆಸೆಯಾಗಿತ್ತು.

ಸ್ವರಲಿಪಿ ಬಾರದ ಅವರು ಗಿಟಾರಿನಲ್ಲಿ ಒಂದೊಂದು ಸ್ವರವನ್ನೂ ನುಡಿಸಿ ತೋರಿಸುತ್ತಿದ್ದರು. ಬಳಗದ ಕ್ಲಾರಿನೆಟ್ ವಾದಕ ಜೆರಾರ್ ಲೆವೆಕ್ ಬರೆದುಕೊಳ್ಳುತ್ತಿದ್ದರು. ಕೃತಿ ಪೂರ್ಣವಾಗಲಿಲ್ಲ. 1944ರಲ್ಲಿ ಪ್ಯಾರಿಸಿನ ಅಂಧ ಯುವಜನರ ಸಂಸ್ಥೆಯ ಪ್ರಾರ್ಥನಾಲಯದಲ್ಲಿ ಅದರ ಸ್ವಲ್ಪ ಭಾಗವನ್ನು ಆರ್ಗನ್‌ನಲ್ಲಿ ನುಡಿಸಲಾಯಿತು. ಉಳಿದದ್ದು ಅವರ ಮನಸ್ಸಿನಲ್ಲೇ ಉಳಿಯಿತು. ಓದಲು ಬಾರದ, ತನ್ನವರನ್ನು ದಿನದಿನವೂ ಕಳೆದುಕೊಳ್ಳುತ್ತಿದ್ದ ಮನುಷ್ಯ ಬಲಿಪೀಠದ ಕಡೆಗೆ ಚಾಚಿದ ಕೈಯಾಗಿ ನಾವು ಇದನ್ನು ಕಾಣುತ್ತೇವೆ.

ಕೊನೆಯ ವರ್ಷಗಳು

1946ರಲ್ಲಿ ಜಾಂಗೊ ಅಮೆರಿಕಕ್ಕೆ ಹೋಗಿ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯಗೋಷ್ಠಿಯೊಂದಿಗೆ ಊರೂರಲ್ಲಿ ನುಡಿಸಿದರು. ಅಲ್ಲಿನ ಗಿಟಾರ್ ತಯಾರಕರು ತಮಗೆ ವಾದ್ಯ ಕೊಡಲು ಮುಗಿಬೀಳುವರೆಂದು ನಂಬಿ ಬರಿಗೈಯಲ್ಲಿ ಹೋದರು, ಯಾರೂ ಬರಲಿಲ್ಲ. ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದ ಎರಡನೆಯ ದಿನದ ಕಚೇರಿಗೆ ಅವರು ತಲುಪಿದ್ದು ತುಂಬ ತಡವಾಗಿ. ನಿರಾಸೆಯಿಂದ ಮರಳಿದರು. ಗ್ರಾಪೆಲ್ಲಿಯವರೊಂದಿಗೆ ಮತ್ತೆ ಕೂಡಿ 1949ರಲ್ಲಿ ರೋಮ್ ನಗರದಲ್ಲಿ ಅನೇಕ ತಟ್ಟೆಗಳಿಗೆ ನುಡಿಸಿದರು.

1951ರಲ್ಲಿ ಸೇನ್ ನದಿಯ ದಡದ ಸಾಮ್ವಾ ಎಂಬ ಹಳ್ಳಿಯಲ್ಲಿ ನೆಲೆಸಿದರು. ಮೀನು ಹಿಡಿಯುವುದು, ಚಿತ್ರ ಬರೆಯುವುದು, ಬಿಲಿಯರ್ಡ್ಸ್ ಆಡುವುದು ಅವರ ದಿನಚರಿ. 1953ರ ಮೇ 16ರಂದು ರೈಲು ನಿಲ್ದಾಣದಿಂದ ಮನೆಗೆ ನಡೆದು ಬಂದವರು ಮಿದುಳಿನ ರಕ್ತಸ್ರಾವದಿಂದ ಕುಸಿದರು. ಆಗ ವಯಸ್ಸು ಕೇವಲ 43. ಸಾಮ್ವಾದ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ತಮ್ಮ ಜೋಸೆಫ್ 1982ರವರೆಗೆ ಬದುಕಿದರು. ಮಗ ಬಾಬಿಕ್ ಕೂಡ ಗಿಟಾರ್ ವಾದಕರಾಗಿ 2001ರಲ್ಲಿ ತೀರಿಕೊಂಡರು.

ಜಾಂಗೊ ಅವರ ಗಾಯದ ಕೈ ಮತ್ತೊಬ್ಬರ ಕೈಯನ್ನು ಎತ್ತಿದ ಘಟನೆಯೂ ಇದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ ಹದಿಹರೆಯದ ಕಾರ್ಮಿಕನ ಬಲಗೈಯ ಎರಡು ಬೆರಳ ತುದಿಗಳು ಯಂತ್ರಕ್ಕೆ ಸಿಕ್ಕಿ ಹೋದವು. ಎಡಚನಾದ ಆತ ಸ್ವರ ಒತ್ತುತ್ತಿದ್ದದ್ದು ಆ ಕೈಯಲ್ಲೇ. ಇನ್ನು ಗಿಟಾರ್ ಮುಗಿಯಿತೆಂದುಕೊಂಡವನಿಗೆ ಮೇಲ್ವಿಚಾರಕರು ಜಾಂಗೊ ಅವರ ತಟ್ಟೆಯೊಂದನ್ನು ಕೇಳಿಸಿ, ನುಡಿಸಿದವರ ಕಥೆ ಹೇಳಿದರು. ಆ ಯುವಕ ಮುಂದೆ ಬ್ಲ್ಯಾಕ್ ಸಬಾತ್ ಬಳಗದ ಪ್ರಸಿದ್ಧ ಗಿಟಾರ್ ವಾದಕರಾದರು.

ಧರ್ಮಸಭೆ ಮತ್ತು ಊರ ಹೊರಗಿನವರು

ರೋಮಾ ಜನರ ವಿಷಯದಲ್ಲಿ ಕ್ರೈಸ್ತರ ನಡತೆ ಯಾವಾಗಲೂ ಕ್ರಿಸ್ತರಿಗೆ ತಕ್ಕದ್ದಾಗಿರಲಿಲ್ಲ. ಆದರೆ ಬದಲಾವಣೆಯ ಹೆಜ್ಜೆಗಳೂ ಇವೆ. 1965ರ ಸೆಪ್ಟೆಂಬರ್ 26ರಂದು ಆರನೆಯ ಪೌಲ್ ಜಗದ್ಗುರುಗಳು ರೋಮ್ ಸಮೀಪದ ಪೊಮೇಜಿಯಾದಲ್ಲಿ ಅವರ ಡೇರೆಗಳ ನಡುವೆ ಹೋಗಿ, ಅವರು ಧರ್ಮಸಭೆಯ ಅಂಚಿನಲ್ಲಿಲ್ಲ, ಅದರ ಹೃದಯದಲ್ಲಿದ್ದಾರೆ ಎಂಬ ಅರ್ಥದ ಮಾತುಗಳನ್ನಾಡಿದರು. 1997ರ ಮೇ 4ರಂದು ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಸ್ಪೇನಿನ ಸೆಫೆರಿನೊ ಹಿಮೆನೆಸ್ ಮಾಯಾ ಅವರನ್ನು ಪುನೀತರೆಂದು ಘೋಷಿಸಿದರು. ಬಂಧಿತನಾದ ಗುರುವೊಬ್ಬರ ಪರ ನಿಂತದ್ದಕ್ಕೆ ಸೆರೆಯಾಗಿ, ಜಪಸರವನ್ನು ಬಿಡಲೊಪ್ಪದೆ 1936ರಲ್ಲಿ ಗುಂಡಿಗೆ ಬಲಿಯಾದ ಕುದುರೆ ವ್ಯಾಪಾರಿ ಅವರು. ಪುನೀತ ಪದವಿಗೇರಿದ ಮೊದಲ ರೋಮಾ. 2019ರ ಜೂನ್ 2ರಂದು ಫ್ರಾನ್ಸಿಸ್ ಜಗದ್ಗುರುಗಳು ರೊಮೇನಿಯಾದ ಬ್ಲಾಜ್ ಪಟ್ಟಣದಲ್ಲಿ ಧರ್ಮಸಭೆಯ ಹೆಸರಿನಲ್ಲಿ ಈ ಜನರ ಕ್ಷಮೆ ಕೇಳಿದರು.

ನಮ್ಮ ಹಬ್ಬಗಳ ಸಮಯದಲ್ಲೂ ಇಗರ್ಜಿ ಮೈದಾನದ ಅಂಚಿನಲ್ಲಿ ಡೇರೆ ಹಾಕಿ ಆಟಿಕೆ, ಬಳೆ, ಪ್ಲಾಸ್ಟಿಕ್ ಹೂ ಮಾರುವ ಕುಟುಂಬಗಳು ಬರುತ್ತವೆ. ಅವರ ಮಕ್ಕಳು ನಮ್ಮ ಧ್ವನಿವರ್ಧಕದ ಹಾಡುಗಳನ್ನು ಕೇಳುತ್ತಾ ನಿಲ್ಲುತ್ತಾರೆ. ನಾವು ಅವರನ್ನು ಮೊದಲು ನೋಡುವುದು ಅನುಮಾನದ ಕಣ್ಣಿನಿಂದ. ಆ ಮಕ್ಕಳಲ್ಲಿ ಒಬ್ಬ ಜಾಂಗೊ ಇದ್ದರೆ ನಮಗೆ ಗೊತ್ತಾಗುವ ಬಗೆ ಯಾವುದು?

ಗಾಯನ ಮಂಡಳಿಗಳಿಗೆ ಒಂದು ಮಾತು

1963ರ ದೈವಾರಾಧನಾ ಸಂವಿಧಾನದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರ್ಗನ್ನಿಗೆ ಮೊದಲ ಗೌರವ ನೀಡಿತು. ಪವಿತ್ರ ಬಳಕೆಗೆ ತಕ್ಕುದಾದ ಇತರ ವಾದ್ಯಗಳಿಗೂ, ಸ್ಥಳೀಯ ಧರ್ಮಾಧಿಕಾರಿಗಳ ಸಮ್ಮತಿಯೊಂದಿಗೆ, ಬಾಗಿಲು ತೆರೆಯಿತು. ಗಿಟಾರ್ ಆ ಬಾಗಿಲಿನಿಂದ ನಮ್ಮ ಬಲಿಪೂಜೆಗಳಿಗೆ ಬಂದಿದೆ. ವಾದ್ಯಕ್ಕೆ ತೆರೆದ ಬಾಗಿಲು ವಾದಕನಿಗೂ ತೆರೆದಿದೆಯೇ ಎಂಬುದು ಮುಖ್ಯ. ಸ್ವರಲಿಪಿ ಬಾರದವನು, ಕೈಯಲ್ಲಿ ಊನವಿರುವವಳು, ಬಾಡಿಗೆ ಮನೆಗೆ ಹೊಸದಾಗಿ ಬಂದ ಕುಟುಂಬದ ಹುಡುಗ, ಇವರು ಅಭ್ಯಾಸದ ದಿನ ಬಾಗಿಲ ಬಳಿ ಬಂದು ನಿಂತರೆ ಒಂದು ಕುರ್ಚಿ ಸರಿಸಿ ಕೊಡುವವರು ನಮ್ಮಲ್ಲಿರಬೇಕು. ಬಳಗಕ್ಕೆ ಸೇರಿದವರೂ ಸದಾ ಮುಂದೆ ನಿಂತು ನುಡಿಸುವ ಆಸೆಯನ್ನು ಸ್ವಲ್ಪ ಬದಿಗಿಟ್ಟು, ಜೋಸೆಫ್ ಅವರಂತೆ ಲಯ ಹಿಡಿಯಲು ಕಲಿಯಬೇಕು. ಹಾಡು ಭಕ್ತರದು; ಅದನ್ನು ಹೊರುವ ಕೆಲಸ ಮಾತ್ರ ವಾದ್ಯಗಳದು.

ಮೇ 16 ಜಾಂಗೊ ಅವರ ನಿಧನದ ದಿನ. ಅಂದಿನ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅವರನ್ನೂ, ಶಿಬಿರಗಳಲ್ಲಿ ಮಡಿದ ಅವರ ಜನರನ್ನೂ, ಆಸ್ಪತ್ರೆಗೆ ಗಿಟಾರ್ ಹೊತ್ತು ತಂದ ತಮ್ಮನನ್ನೂ ನೆನೆಯುವಂತೆ ನಮ್ಮ ಧರ್ಮಕೇಂದ್ರಗಳ ಗಾಯನ ಮಂಡಳಿಗಳಲ್ಲಿ ನಾವು ಕೇಳಿಕೊಳ್ಳುತ್ತೇವೆ.